ಸಾಮಾನಿಗೂ ಒಂದು ಹಿತ್ತಿಲ ಬಾಗಿಲು



ಸಮ್ಮೇಳನದ ಮುಖ್ಯ ಭಾಷಣ ಅಂದರೆ ಭಾಷೆ, ಸಂಸ್ಕೃತಿ, ಅಸ್ಮಿತೆ ಅಂತ ದೊಡ್ಡ ದೊಡ್ಡ ಮಾತು ಬರುತ್ತದೆ ಎಂದು ಕಾದು ಕೂತವರು ಕ್ಷಮಿಸಬೇಕು. ಈ ಸಲ ಸಂಘದವರು ನನಗೆ ಕೊಟ್ಟಿರುವ ವಿಷಯ ನಮ್ಮ ನಮ್ಮ ಮನೆಯ ಗರಾಜು, ಅಟ್ಟ, ಪ್ಯಾಂಟ್ರಿ ಮತ್ತು ಬೀರು. ನಗಬೇಡಿ. ಇಲ್ಲಿ ಎರಡು ಕಾರಿನ ಗರಾಜು ಇರುವವರಲ್ಲಿ ಎರಡೂ ಕಾರನ್ನು ಒಳಗೆ ನಿಲ್ಲಿಸುವವರು ಕೈ ಎತ್ತಿ ನೋಡೋಣ. ಹಾಂ... ಏಳು, ಎಂಟು ಕೈ. ಅದರಲ್ಲಿ ಎರಡು ಕೈಯನ್ನು ಪಕ್ಕದಲ್ಲಿ ಕೂತ ಮನೆಯವರು ಕೆಳಗೆ ಎಳೆಯುತ್ತಿದ್ದಾರೆ.

ನಾನು ಡಾಲಸ್ ಸುತ್ತಮುತ್ತಲಿನ ವೇರ್‌ಹೌಸುಗಳಲ್ಲಿ ಸರಕು ಒಳಗೆ ಬರುವ, ಹೊರಗೆ ಹೋಗುವ ಲೆಕ್ಕ ನೋಡುವವಳು. ವೇರ್‌ಹೌಸಿಗೆ ಎರಡು ಕಡೆ ಬಾಗಿಲು. ಒಂದು ಕಡೆ ಲಾರಿಯಿಂದ ಇಳಿಸುತ್ತಾರೆ, ಇನ್ನೊಂದು ಕಡೆ ಏರಿಸುತ್ತಾರೆ. ಏರಿಸುವ ಬಾಗಿಲು ಎರಡು ದಿನ ಮುಚ್ಚಿದರೆ ಸಾಕು, ಓಡಾಡುವ ದಾರಿಯಲ್ಲೆಲ್ಲ ಪ್ಯಾಲೆಟ್ಟುಗಳು ಬಂದು ನಿಲ್ಲುತ್ತವೆ. ಆಗ ಕೆಲಸಗಾರರಿಗೆ ಶಿಸ್ತಿಲ್ಲ ಅಂತ ಯಾರೂ ಉಪದೇಶ ಮಾಡುವುದಿಲ್ಲ, ಮೊದಲು ಹೋಗಿ ಬಾಗಿಲು ತೆಗೆಸುತ್ತಾರೆ. ಮನೆಯ ವಿಷಯಕ್ಕೆ ಬಂದರೆ ನಾವು ತಿರುಗಾಮುರುಗ. ಬಾಗಿಲು ಯಾಕೆ ಮುಚ್ಚಿದೆ ಅಂತ ನೋಡದೆ ಹೆಂಡತಿಯನ್ನೋ, ಗಂಡನನ್ನೋ, ಮಕ್ಕಳನ್ನೋ ಬೈಯುತ್ತೇವೆ.

ಊರಿನ ಮನೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮೈಸೂರಾಗಲಿ, ದಾವಣಗೆರೆಯಾಗಲಿ, ಮಲ್ಲೇಶ್ವರವಾಗಲಿ, ಸಾಮಾನು ಹೊರಗೆ ಹೋಗುವ ದಾರಿಗಳು ಎಷ್ಟಿದ್ದವು! ಭಾನುವಾರ ಬೆಳಗ್ಗೆ ‘ಹಳೇ ಪೇಪರ್, ಖಾಲಿ ಬಾಟ್ಲಿ’ ಅಂತ ಕೂಗಿಕೊಂಡು ಸೈಕಲ್ ಬರುತ್ತಿತ್ತು. ತಕ್ಕಡಿ ತೂಗಿ ಕೈಗೆ ದುಡ್ಡು ಕೊಟ್ಟು ಹೋಗುತ್ತಿದ್ದ. ಮಧ್ಯಾಹ್ನ ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಹೆಂಗಸು ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದಳು. ಆರು ಪ್ಯಾಂಟಿಗೆ ಒಂದು ಡಬರಿಯೋ ಎಂಟು ಪ್ಯಾಂಟಿಗೋ ಅಂತ ಅರ್ಧ ಗಂಟೆ ಚೌಕಾಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಸವೆದ ಸೀರೆಗಳು ಕೌದಿಯಾಗುತ್ತಿದ್ದವು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಈಗ ಜನ ಕಲೆ ಅಂತ ಕೊಂಡು ಗೋಡೆಗೆ ಹಾಕುತ್ತಾರೆ, ಹುಟ್ಟಿದ್ದು ಮಾತ್ರ ಹಳೆಯ ಬಟ್ಟೆಯಿಂದ. ಹತ್ತಿಯ ಪಂಚೆ ಮಗುವಿನ ಲಂಗೋಟಿಯಾಗಿ, ಆಮೇಲೆ ಒಲೆಯ ಬಳಿಯ ಮಸಿಬಟ್ಟೆಯಾಗಿ, ಕೊನೆಗೆ ನೆಲ ಒರೆಸುವ ಬಟ್ಟೆಯಾಗಿ ಮುಗಿಯುತ್ತಿತ್ತು. ಅಣ್ಣನ ಪಠ್ಯಪುಸ್ತಕ ತಮ್ಮನಿಗೆ, ತಮ್ಮನದು ಪಕ್ಕದ ಮನೆಯವರಿಗೆ. ಹಿತ್ತಾಳೆ ಪಾತ್ರೆಯ ಕಲಾಯಿ ಹೋದರೆ ಕಲಾಯಿಯವನು, ಹಾಸಿಗೆ ಗಂಟಾದರೆ ಹತ್ತಿ ಹಿಂಜುವವನು.

ನಮ್ಮ ಅಮ್ಮಂದಿರು ಯಾವ ಪುಸ್ತಕವನ್ನೂ ಓದಿ ಮನೆ ಒಪ್ಪ ಮಾಡಲಿಲ್ಲ. ಒಳಗೆ ಬರುವುದು ಕಡಿಮೆ, ಹೊರಗೆ ಹೋಗುವ ದಾರಿ ಹತ್ತು. ಈ ಲೆಕ್ಕದಲ್ಲಿ ಮನೆ ತಾನಾಗಿಯೇ ಒಪ್ಪವಾಗಿರುತ್ತಿತ್ತು. ಫ್ರಿಸ್ಕೋದಲ್ಲೋ, ಕೇಟಿಯಲ್ಲೋ, ಸೀಡರ್ ಪಾರ್ಕಿನಲ್ಲೋ ಇರುವ ನಮ್ಮ ಮನೆಯ ಮುಂಬಾಗಿಲಿಗೆ ದಿನಕ್ಕೆ ಎರಡು ಸಲ ಅಮೆಜಾನ್ ವ್ಯಾನು ಬರುತ್ತದೆ. ಕಾಸ್ಟ್‌ಕೋಗೆ ಹಾಲು ತರಲು ಹೋದವರು ಕಯಾಕ್ ತಂದದ್ದೂ ಇದೆ. ಹುಟ್ಟುಹಬ್ಬಕ್ಕೆ ಹೋದರೆ ರಿಟರ್ನ್ ಗಿಫ್ಟು, ಅರಿಶಿನ ಕುಂಕುಮಕ್ಕೆ ಹೋದರೆ ಒಂದು ಬಟ್ಟಲು, ಸಮ್ಮೇಳನಕ್ಕೆ ಬಂದರೆ ಒಂದು ಚೀಲ. 2018ರಲ್ಲಿ ಇದೇ ಡಾಲಸ್‌ನಲ್ಲಿ ನಡೆದ ಅಕ್ಕ ಸಮ್ಮೇಳನದ ಚೀಲ ಇನ್ನೂ ಇಟ್ಟುಕೊಂಡವರು ಇಲ್ಲಿ ಎಷ್ಟು ಜನ ಅಂತ ನಾನು ಕೇಳುವುದಿಲ್ಲ. ಊರಿಗೆ ಹೋದವರು ತಲೆಗೆ ಎರಡೆರಡು ಸೂಟ್‌ಕೇಸ್ ತುಂಬಿಕೊಂಡು ಬರುತ್ತೇವೆ. ಹಿತ್ತಿಲಿನಲ್ಲಿ ಮಾತ್ರ ಬೇಲಿ ಇದೆ, ಕೂಗಿಕೊಂಡು ಬರುವವರು ಯಾರೂ ಇಲ್ಲ.

ಟೆಕ್ಸಸ್ ಮನೆಗೆ ಇನ್ನೂ ಒಂದು ತೊಂದರೆ ಇದೆ. ಮಿಷಿಗನ್ ಅಥವಾ ನ್ಯೂಜೆರ್ಸಿಯಿಂದ ಇಲ್ಲಿಗೆ ಬಂದವರಿಗೆ ಗೊತ್ತು, ಅಲ್ಲಿ ನೆಲಮಾಳಿಗೆ ಇರುತ್ತದೆ. ಡಾಲಸ್, ಹ್ಯೂಸ್ಟನ್ ಕಡೆ ಜೇಡಿಮಣ್ಣು. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಆಸ್ಟಿನ್ನಿನ ಪಶ್ಚಿಮಕ್ಕೆ ಹೋದರೆ ಸುಣ್ಣಕಲ್ಲು, ಅಗೆಯುವುದೇ ದುಬಾರಿ. ಹಾಗಾಗಿ ಬಹುಪಾಲು ಮನೆಗಳು ನೆಲದ ಮೇಲೆ ಹಾಸಿದ ಕಾಂಕ್ರೀಟ್ ಹಲಗೆಯ ಮೇಲೆ ಕೂತಿವೆ. ನೆಲಮಾಳಿಗೆಗೆ ಹೋಗಬೇಕಾದ್ದೆಲ್ಲ ಗರಾಜಿಗೂ ಅಟ್ಟಕ್ಕೂ ಹೋಗುತ್ತದೆ.

ಇದು ನಮ್ಮ ಜನಕ್ಕೆ ಮಾತ್ರ ಬಂದ ಕಾಯಿಲೆ ಅಂದುಕೊಳ್ಳಬೇಡಿ. ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರವರೆಗೆ, ಗಂಡ ಹೆಂಡತಿ ಇಬ್ಬರೂ ದುಡಿಯುವ 32 ಕುಟುಂಬಗಳ ಮನೆಗಳಿಗೆ ಹೋಗಿ, ಒಳಗಿನ ಸಾಮಾನುಗಳ ಫೋಟೋ ತೆಗೆದು ಎಣಿಸಿದರು. ನಾಲ್ಕರಲ್ಲಿ ಮೂರು ಗರಾಜುಗಳಲ್ಲಿ ಕಾರಿಗೆ ಜಾಗವೇ ಇರಲಿಲ್ಲ. ಅದೇ ಯೋಜನೆಯ ಕುಟುಂಬಗಳನ್ನು ಇಟ್ಟುಕೊಂಡು ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2010ರಲ್ಲಿ ಇನ್ನೊಂದು ಲೇಖನ ಬರೆದರು. ಕಾರ್ಟಿಸಾಲ್ ಅಂತ ದೇಹದಲ್ಲಿ ಒತ್ತಡಕ್ಕೆ ಸಂಬಂಧಿಸಿದ ಒಂದು ಹಾರ್ಮೋನು ಇದೆ. ಅದು ಬೆಳಗ್ಗೆ ಏರಿ ಸಂಜೆಗೆ ಇಳಿಯಬೇಕು. ತಮ್ಮ ಮನೆಯ ಬಗ್ಗೆ ಮಾತನಾಡುವಾಗ ‘ಎಲ್ಲಾ ಹರಡಿಕೊಂಡಿದೆ, ಕೆಲಸ ಮುಗಿದೇ ಇಲ್ಲ’ ಎಂಬ ಧಾಟಿಯಲ್ಲಿ ವರ್ಣಿಸಿದ ಹೆಂಡತಿಯರಲ್ಲಿ ಆ ಇಳಿತ ಸರಿಯಾಗಿ ಆಗುತ್ತಿರಲಿಲ್ಲ. ಅದೇ ಮನೆಯಲ್ಲಿದ್ದ ಗಂಡಂದಿರಲ್ಲಿ ಹಾಗೆ ಕಾಣಲಿಲ್ಲ. ಗಂಡಸರು ತಲೆ ತಗ್ಗಿಸಬೇಕಾಗಿಲ್ಲ. ಆದರೆ ‘ನಿನಗೆ ಯಾಕಿಷ್ಟು ತಲೆಬಿಸಿ, ಇರ್ಲಿ ಬಿಡು’ ಅಂತ ಹೇಳುವ ಮೊದಲು ಇದು ಗೊತ್ತಿರಲಿ. ಅದೇ ಸೋಫಾದ ಮೇಲಿನ ಬಟ್ಟೆಯ ರಾಶಿಯನ್ನು ಒಬ್ಬರು ಬಟ್ಟೆಯ ರಾಶಿಯಾಗಿ ನೋಡುತ್ತಾರೆ, ಇನ್ನೊಬ್ಬರು ಮಾಡದೆ ಉಳಿದ ಕೆಲಸವಾಗಿ ನೋಡುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಕಿರಿಕಿರಿಯ ಮಾತು. ಇನ್ನು ನಿಜವಾಗಿ ಪೆಟ್ಟು ಬೀಳುವ ಜಾಗಕ್ಕೆ ಬರುತ್ತೇನೆ.

2017ರ ಆಗಸ್ಟ್ 25ರ ರಾತ್ರಿ ಹಾರ್ವಿ ಚಂಡಮಾರುತ ರಾಕ್‌ಪೋರ್ಟ್ ಬಳಿ ದಡ ಮುಟ್ಟಿತು. ಆಮೇಲೆ ಹ್ಯೂಸ್ಟನ್ ಸುತ್ತ ನಿಂತೇಬಿಟ್ಟಿತು. ನೆಡರ್ಲೆಂಡ್ ಎಂಬ ಊರಿನಲ್ಲಿ ಒಟ್ಟು 60 ಇಂಚು ದಾಟಿ ಮಳೆ. ಆಡಿಕ್ಸ್, ಬಾರ್ಕರ್ ಜಲಾಶಯಗಳ ಹಿಂದೆ ಮುಂದೆ ಇದ್ದ ಬಡಾವಣೆಗಳಿಗೆ ನೀರು ನುಗ್ಗಿತು. ಇಲ್ಲಿರುವ ಹ್ಯೂಸ್ಟನ್ನಿನವರಿಗೆ ಅದನ್ನು ನಾನು ಹೇಳಬೇಕಾಗಿಲ್ಲ. ಆ ದಿನ ಮನೆಯಿಂದ ಹೊರಬೀಳಲು ಸಿಕ್ಕ ಸಮಯದಲ್ಲಿ ಯಾರು ಏನು ತೆಗೆದುಕೊಂಡರು ಅಂತ ನಾನು ಕೆಲವು ಗೆಳತಿಯರನ್ನು ಕೇಳಿದ್ದೇನೆ. ಮಕ್ಕಳು, ಔಷಧಿ, ಲ್ಯಾಪ್‌ಟಾಪು, ಒಡವೆ. ಪಾಸ್‌ಪೋರ್ಟ್ ಎಲ್ಲಿದೆ ಅಂತ ಗೊತ್ತಿದ್ದವರು ಪಾಸ್‌ಪೋರ್ಟ್. ಗೊತ್ತಿಲ್ಲದವರು ಮೊಣಕಾಲು ನೀರಿನಲ್ಲಿ ನಿಂತು ಡ್ರಾಯರ್ ಎಳೆದರು. ನೀರು ಇಳಿದ ಮೇಲೆ ಪ್ರತಿ ಮನೆಯ ಮುಂದೆ ಒಂದಾಳೆತ್ತರ ರಾಶಿ. ರಟ್ಟಿನ ಪೆಟ್ಟಿಗೆಯಲ್ಲಿ ನೆಲದ ಮೇಲೆ ಇಟ್ಟಿದ್ದ ಮದುವೆ ಆಲ್ಬಮ್ಮುಗಳು ಅದರಲ್ಲೇ ಹೋದವು.

2021ರ ಫೆಬ್ರವರಿಯ ಚಳಿ ಇನ್ನೊಂದು ಪಾಠ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನೀರಿನ ಕೊಳವೆ ಅಟ್ಟದಲ್ಲಿ ಹಾದುಹೋಗುತ್ತದೆ. ಕರೆಂಟಿಲ್ಲದೆ ಮನೆ ತಣ್ಣಗಾಗಿ, ಕೊಳವೆ ಒಡೆದು, ಮೇಲಿಂದ ನೀರು ಸುರಿಯಿತು. ಹ್ಯೂಸ್ಟನ್ನಿನವರಿಗೆ ಕೆಳಗಿನಿಂದ, ಡಾಲಸ್, ಆಸ್ಟಿನ್ನಿನವರಿಗೆ ಮೇಲಿನಿಂದ. ಸಾಮಾನಿಗೆ ಎರಡೂ ಒಂದೇ.

ಆದ್ದರಿಂದ ಮನೆ ಒಪ್ಪ ಮಾಡುವವರಿಗೆ ನನ್ನ ಮೊದಲ ಮಾತು: ಬೀರುವಿನಿಂದ ಶುರು ಮಾಡಬೇಡಿ, ಕಾಗದದಿಂದ ಶುರು ಮಾಡಿ. ನಮ್ಮಂಥವರಿಗೆ ಕಾಗದವೇ ನೆಲ. ಎಚ್-1ಬಿ ಮಂಜೂರಾದಾಗ ಬರುವ ಐ-797 ನೋಟಿಸುಗಳು, ಐ-94, ಓದಲು ಬಂದವರಿದ್ದರೆ ಹಳೆಯ ಐ-20, ವೀಸಾ ಮೊಹರುಗಳಿರುವ ಅವಧಿ ಮುಗಿದ ಪಾಸ್‌ಪೋರ್ಟುಗಳು, ಇವುಗಳಲ್ಲಿ ಒಂದನ್ನೂ ಎಸೆಯಬೇಡಿ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೆ ಗೊತ್ತು. ಹತ್ತು ಹದಿನೈದು ವರ್ಷದ ಹಿಂದಿನ ಕಾಗದವನ್ನು ವಕೀಲರು ಒಂದು ಸಂಜೆ ಇದ್ದಕ್ಕಿದ್ದಂತೆ ಕೇಳುತ್ತಾರೆ. ಕೆಲಸ ಹೋದರೆ ಎಚ್-1ಬಿ ಅವರಿಗೆ ಹೆಚ್ಚೆಂದರೆ 60 ದಿನದ ಗಡುವು. ಆ 60 ದಿನದಲ್ಲಿ ಇಂಟರ್ವ್ಯೂ ಕೊಡಬೇಕೋ, ಪೆಟ್ಟಿಗೆ ಬಿಚ್ಚಿ ಸಂಬಳದ ಚೀಟಿ ಹುಡುಕಬೇಕೋ? ಜನನ ಪ್ರಮಾಣಪತ್ರ, ಮದುವೆ ನೋಂದಣಿ, ಒಸಿಐ, ಊರಿನ ಜಮೀನಿನ ಪತ್ರ, ಎಲ್ಲ ಒಂದು ಕಡೆ, ನೀರು ಹೋಗದ ಚೀಲದಲ್ಲಿ, ಮೇಲಿನ ಶೆಲ್ಫಿನಲ್ಲಿ ಇರಲಿ. ಸ್ಕ್ಯಾನ್ ಮಾಡಿದ ಪ್ರತಿ ಬೇರೆ ಕಡೆ. ಎಲ್ಲಿದೆ ಅಂತ ಮನೆಯಲ್ಲಿ ಇಬ್ಬರಿಗೆ ಗೊತ್ತಿರಲಿ. ‘ಅದೆಲ್ಲಾ ನಮ್ಮೆಜಮಾನ್ರೇ ನೋಡ್ಕೋತಾರೆ’ ಅನ್ನುವವರು ದಯವಿಟ್ಟು ಇವತ್ತು ರಾತ್ರಿ ಕೇಳಿ ತಿಳಿದುಕೊಳ್ಳಿ.

ಎಸೆಯಬಹುದಾದ ಕಾಗದವೂ ಬೇಕಾದಷ್ಟಿದೆ. ತೆರಿಗೆಯ ದಾಖಲೆಗಳನ್ನು ಸಾಮಾನ್ಯವಾಗಿ ಮೂರು ವರ್ಷ ಇಟ್ಟುಕೊಳ್ಳಿ ಅಂತ ಐಆರ್‌ಎಸ್ ಹೇಳುತ್ತದೆ, ಕೆಲವು ಸಂದರ್ಭಗಳಲ್ಲಿ ಆರು ಅಥವಾ ಏಳು. ನನ್ನ ಸಲಹೆ ಏಳು ವರ್ಷ. ಆದರೆ ಗ್ರೀನ್ ಕಾರ್ಡ್ ಕೈಗೆ ಬರುವ ತನಕ ತೆರಿಗೆ ರಿಟರ್ನು ಮತ್ತು ಡಬ್ಲ್ಯು-2 ಎಸೆಯಬೇಡಿ. 2009ರ ಕರೆಂಟ್ ಬಿಲ್ಲು, ಮಾರಿದ ಕಾರಿನ ಆಯಿಲ್ ಚೀಟಿ, ಇಲ್ಲದ ಫ್ರಿಜ್ಜಿನ ಕೈಪಿಡಿ, ಇವಕ್ಕೆಲ್ಲ ಶ್ರೆಡ್ಡರ್.

ಎರಡನೆಯದು, ಅಟ್ಟ. ಜುಲೈ, ಆಗಸ್ಟಿನಲ್ಲಿ ಟೆಕ್ಸಸ್ ಅಟ್ಟದ ಬಿಸಿ 130 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಮಾಮೂಲು. ನಮ್ಮ ಅಜ್ಜಿಮನೆಯ ಅಟ್ಟಕ್ಕೆ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಅಲ್ಲಿ ಹುಣಸೆಹಣ್ಣು, ಬೆಲ್ಲ ಇಡುತ್ತಿದ್ದರು. ಇದು ಆ ಅಟ್ಟದ ಹೆಸರು ಕದ್ದ ಒಲೆ. ಫೋಟೋ, ಕ್ಯಾಸೆಟ್ಟು, ಮೇಣದಬತ್ತಿ, ಬ್ಯಾಟರಿ, ಔಷಧಿ, ರೇಷ್ಮೆ, ಯಾವುದೂ ಅಲ್ಲಿಗೆ ಹೋಗಬಾರದು. ಮೈಸೂರು ರೇಷ್ಮೆ, ಕಂಚಿ ಸೀರೆಗಳು ಮನೆಯೊಳಗಿನ ಬೀರುವಿನಲ್ಲೇ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗಬಾರದು. ಆರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ, ಇಲ್ಲದಿದ್ದರೆ ಮಡಿಕೆಯಲ್ಲೇ ಸೀಳುತ್ತದೆ. ಹ್ಯೂಸ್ಟನ್ನಿನ ತೇವದಲ್ಲಿ ರಟ್ಟಿನ ಪೆಟ್ಟಿಗೆ ಅಂದರೆ ಜಿರಳೆಗೆ ಬಾಡಿಗೆಯಿಲ್ಲದ ಮನೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ನೆಲದಿಂದ ಒಂದಡಿ ಮೇಲೆ.

ಡಬ್ಬಿ ಅಂದ ಕೂಡಲೇ ಅಂಗಡಿಗೆ ಓಡಬೇಡಿ. ಕಂಟೇನರ್ ಸ್ಟೋರ್ 1978ರಲ್ಲಿ ಹುಟ್ಟಿದ್ದೇ ನಮ್ಮ ಡಾಲಸ್‌ನಲ್ಲಿ, ಈಗ ಕಚೇರಿ ಪಕ್ಕದ ಕೊಪೆಲ್‌ನಲ್ಲಿದೆ. ಅಲ್ಲಿ ಹೋದರೆ ಎಲ್ಲವೂ ಚಂದ. ಆದರೆ ಮೊದಲು ಡಬ್ಬಿ ಕೊಂಡು ಆಮೇಲೆ ಸಾಮಾನು ನೋಡುವವರ ಮನೆಯಲ್ಲಿ ಕೊನೆಗೆ ಖಾಲಿ ಡಬ್ಬಿ ಇಡಲೂ ಜಾಗವಿರುವುದಿಲ್ಲ. ಹೊರಗೆ ಹೋಗಬೇಕಾದ್ದು ಹೋಗಲಿ. ಉಳಿದದ್ದನ್ನು ಅಳೆದು, ಅಷ್ಟಕ್ಕೆ ಡಬ್ಬಿ ತನ್ನಿ.

ಮರಿ ಕೊಂಡೋ ಅವರ ಪುಸ್ತಕವನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ, 2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ನೋಡಿದ್ದೀರಿ. ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಸಂತೋಷ ಕೊಡುತ್ತದೆಯೇ ಅಂತ ಕೇಳಿಕೊಳ್ಳುವುದು ಅವರ ದಾರಿ. ನನಗೆ ಅದರ ಬಗ್ಗೆ ಗೌರವವಿದೆ, ನಂಬಿಕೆ ಕಡಿಮೆ. ಈಳಿಗೆಮಣೆಯನ್ನು ಹಿಡಿದುಕೊಂಡು ಯಾರಿಗೆ ಸಂತೋಷವಾಗುತ್ತದೆ? ಆದರೂ ಹಲಸಿನಹಣ್ಣು ಬಿಡಿಸುವ ದಿನ ಅದೇ ಬೇಕು. ಮೂರನೆಯ ಮಗುವಾದ ಮೇಲೆ ಮನೆ ಒಪ್ಪವಾಗಿಡುವುದನ್ನು ಸುಮಾರಾಗಿ ಕೈಬಿಟ್ಟಿದ್ದೇನೆ ಅಂತ 2023ರಲ್ಲಿ ಅವರೇ ಹೇಳಿದರು. ಆ ಮಾತು ಕೇಳಿ ನನಗೆ ಅವರ ಮೇಲಿನ ಗೌರವ ಹೆಚ್ಚಾಯಿತು.

ನಮಗೆ ಹೊಂದುವ ಮಾದರಿ ನಮ್ಮಲ್ಲೇ ಇದೆ, ದಸರಾ ಬೊಂಬೆ. ವರ್ಷಕ್ಕೆ ಹತ್ತು ದಿನ ಮಾತ್ರ ಹೊರಗೆ ಬರುವ ಸಾಮಾನು. ಪಟ್ಟದ ಬೊಂಬೆಗಳಿಗೆ ಮೆತ್ತನೆಯ ಬಟ್ಟೆ ಸುತ್ತಿ, ಯಾವುದು ಮೇಲಿನ ಮೆಟ್ಟಿಲಿನದು, ಯಾವುದು ಕೆಳಗಿನದು ಅಂತ ಗುರುತು ಹಾಕಿ, ಅದೇ ಟ್ರಂಕಿನಲ್ಲಿ ಅದೇ ಜಾಗಕ್ಕೆ ಇಡುತ್ತಿದ್ದರು. ಮುಂದಿನ ವರ್ಷ ಕಣ್ಣುಮುಚ್ಚಿ ತೆಗೆಯಬಹುದು. ಕ್ರಿಸ್‌ಮಸ್ ದೀಪ, ಚಳಿ ಕೋಟು, ಕ್ಯಾಂಪಿಂಗ್ ಡೇರೆ, ಇವೆಲ್ಲ ಬೊಂಬೆಗಳೇ ಅಂತ ತಿಳಿದು ಹಾಗೆಯೇ ಇಡಿ.

ಅಡುಗೆಮನೆಯ ಬಗ್ಗೆ ಎರಡೇ ಮಾತು. ಹಿಲ್‌ಕ್ರಾಫ್ಟ್‌ಗೋ ಅರ್ವಿಂಗ್‌ಗೋ ಹೋಗಿ 20 ಪೌಂಡಿನ ಚೀಲ ತರುವಾಗ ಹಳೆಯದು ಮುಗಿದಿದೆಯೇ ನೋಡಿ. ಊರಿನಿಂದ ಬಂದ ಹುಳಿಪುಡಿ, ಚಟ್ನಿಪುಡಿಗೆ ತಿಂಗಳು, ವರ್ಷ ಬರೆದು ಫ್ರೀಜರಿನಲ್ಲಿಡಿ. ಡಬ್ಬಿಗಳ ಮೇಲೆ ಕನ್ನಡದಲ್ಲಿ ಹೆಸರು ಬರೆಯಿರಿ: ತೊಗರಿಬೇಳೆ, ಕಡಲೆಬೇಳೆ, ಉದ್ದಿನಬೇಳೆ. ಕನ್ನಡ ತರಗತಿಯಲ್ಲಿ ಅ ಆ ಇ ಈ ಕಲಿತ ಮಕ್ಕಳಿಗೆ ಮನೆಯಲ್ಲಿ ಓದಲು ಏನೂ ಇರುವುದಿಲ್ಲ. ತೊಗರಿಬೇಳೆ ಕೊಡು ಅಂದರೆ ಓದಿ ಹುಡುಕಲಿ. ಎರಡು ತಪ್ಪು ಸಾರಿನಲ್ಲಿ ಕಲಿಯುತ್ತಾರೆ.

ಇನ್ನು ಕಷ್ಟದ ಮಾತು. ಅಪ್ಪ ಅಮ್ಮ, ಅತ್ತೆ ಮಾವ ಆರು ತಿಂಗಳಿಗೆ ಬರುತ್ತಾರೆ. ರಾತ್ರಿ ಬಾತ್‌ರೂಮಿಗೆ ಎದ್ದವರು ದಾರಿಯಲ್ಲಿ ಬಿಟ್ಟ ಬೆನ್ನುಚೀಲ ಎಡವಿದರೆ, ಆ ವಯಸ್ಸಿನಲ್ಲಿ ಸೊಂಟದ ಮೂಳೆ. ಪ್ರವಾಸಿ ವಿಮೆಯ ಸಣ್ಣ ಅಕ್ಷರ ಓದಿದವರಿಗೆ ಮುಂದಿನದು ಗೊತ್ತು. ಅವರು ಬರುವ ಮೊದಲು ಅವರ ಕೋಣೆಯಿಂದ ಬಾತ್‌ರೂಮಿನವರೆಗಿನ ದಾರಿ ಮತ್ತು ಮೆಟ್ಟಿಲು, ಇಷ್ಟು ಖಾಲಿಯಾದರೆ ಸಾಕು, ಉಳಿದ ಮನೆ ಹೇಗಿದ್ದರೂ ನಡೆಯುತ್ತದೆ.

ಅವರು ಹೋದ ಮೇಲಿನದು ಇನ್ನೂ ಕಷ್ಟ. ನಮ್ಮ ವಯಸ್ಸಿನವರು ಈಗ ಒಬ್ಬೊಬ್ಬರಾಗಿ ಊರಿನ ಮನೆ ಖಾಲಿ ಮಾಡಿ ಬರುತ್ತಿದ್ದೇವೆ. ಮೂರು ವಾರದ ರಜೆ, ನಲವತ್ತು ವರ್ಷದ ಸಂಸಾರ. ಏನು ಬಿಡುವುದು ಅಂತ ತಿಳಿಯದೆ ಅಮ್ಮನ ಸೀರೆ, ಹಿತ್ತಾಳೆ ಕೊಳಗ, ಅಪ್ಪನ ಡೈರಿ ಎಲ್ಲ ಸೂಟ್‌ಕೇಸಿಗೆ ಬಂದು, ಇಲ್ಲಿ ಗೆಸ್ಟ್ ರೂಮಿನ ಮೂಲೆಯಲ್ಲಿ ಬಿಚ್ಚದೆ ಕೂತಿರುತ್ತವೆ. ಆ ಪೆಟ್ಟಿಗೆಯನ್ನು ಕಸದ ಲೆಕ್ಕಕ್ಕೆ ಸೇರಿಸಬೇಡಿ. ಒಂದು ವರ್ಷ ಅಲ್ಲೇ ಇರಲಿ. ಬಿಚ್ಚುವ ದಿನ ಒಬ್ಬರೇ ಕೂರಬೇಡಿ. ಅಣ್ಣನೋ ತಂಗಿಯೋ ವಿಡಿಯೋ ಕಾಲಿನಲ್ಲಿರಲಿ, ಮಕ್ಕಳು ಪಕ್ಕದಲ್ಲಿರಲಿ. ಈ ಕೊಳಗದಲ್ಲಿ ಅಜ್ಜಿ ಏನು ಮಾಡುತ್ತಿದ್ದರು ಅಂತ ಹೇಳಿ. ಹೇಳಲು ಕಥೆ ಇರುವುದನ್ನು ಇಟ್ಟುಕೊಂಡು ಬಳಸಿ. ಕೊಳಗದಲ್ಲಿ ದಾಸವಾಳದ ಗಿಡ ನೆಟ್ಟರೂ ಸರಿ. ಉಡದ ಸೀರೆಗಳಲ್ಲಿ ಮೂರನ್ನು ಕೌದಿ ಹೊಲಿಸಿ. ಉಳಿದದ್ದು ಉಡುವವರಿಗೆ ಹೋಗಲಿ. ಅಮ್ಮ ಬದುಕಿದ್ದಾಗ ಕೆಲಸದವರಿಗೆ, ಸೊಸೆಯಂದಿರಿಗೆ ಕೊಡುತ್ತಿದ್ದದ್ದೇ ಅಲ್ಲವೇ?

ಕೊನೆಗೆ ಹಿತ್ತಿಲ ಬಾಗಿಲಿಗೆ ಬರೋಣ. ಇಲ್ಲಿ ಕೂಗಿಕೊಂಡು ಬರುವವರಿಲ್ಲ, ನಾವೇ ಹೋಗಬೇಕು, ಆದರೆ ಜಾಗಗಳಿವೆ. ಪುಸ್ತಕಕ್ಕೆ ಹಾಫ್ ಪ್ರೈಸ್ ಬುಕ್ಸ್. ಅದೂ 1972ರಲ್ಲಿ ಡಾಲಸ್‌ನಲ್ಲೇ ಶುರುವಾದದ್ದು, ಹಳೆಯ ಪುಸ್ತಕಕ್ಕೆ ಕೈಮೇಲೆ ದುಡ್ಡು ಕೊಡುತ್ತಾರೆ, ಸೈಕಲ್ಲಿನವನ ಹಾಗೆ. ಹಳೆಯ ಕಂಪ್ಯೂಟರಿಗೆ ಗುಡ್‌ವಿಲ್. ಡೆಲ್ ಮತ್ತು ಗುಡ್‌ವಿಲ್ ಸೇರಿ ಈ ಕೆಲಸ 2004ರಲ್ಲಿ ಆಸ್ಟಿನ್ನಿನಲ್ಲೇ ಆರಂಭಿಸಿದವು. ಕೊಡುವ ಮೊದಲು ಹಾರ್ಡ್ ಡಿಸ್ಕ್ ಅಳಿಸಿ. ಬಾಗಿಲು, ದೀಪ, ಕ್ಯಾಬಿನೆಟ್ಟುಗಳಿಗೆ ಹ್ಯಾಬಿಟಾಟ್ ರೀಸ್ಟೋರ್. ಮಂಚ, ಮೇಜಿಗೆ ಹ್ಯೂಸ್ಟನ್ನಿನಲ್ಲಿ ಹ್ಯೂಸ್ಟನ್ ಫರ್ನಿಚರ್ ಬ್ಯಾಂಕ್ ಇದೆ, ಏನೂ ಇಲ್ಲದೆ ಮನೆ ಹೂಡುವವರಿಗೆ ತಲುಪಿಸುತ್ತಾರೆ. ಮಕ್ಕಳ ಕಾರ್ ಸೀಟನ್ನು ದಾನದ ಅಂಗಡಿಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಟಾರ್ಗೆಟ್‌ನವರು ಆಗಾಗ ಹಳೆಯದನ್ನು ಪಡೆದು ಕೂಪನ್ ಕೊಡುತ್ತಾರೆ, ಅದನ್ನು ಕಾಯಿರಿ. ಊರಿನಿಂದ ತಂದು ಅವಧಿ ಮುಗಿದ ಮಾತ್ರೆಗಳಿಗೆ ಔಷಧಿ ಅಂಗಡಿಗಳಲ್ಲಿ ಪೆಟ್ಟಿಗೆ ಇರುತ್ತದೆ. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ದೇಶದಾದ್ಯಂತ ಒಂದೊಂದು ದಿನ ಸಂಗ್ರಹವೂ ನಡೆಯುತ್ತದೆ. ಲಿಥಿಯಂ ಬ್ಯಾಟರಿಯನ್ನು ಮಾತ್ರ ಕಸದ ಡಬ್ಬಕ್ಕೆ ಹಾಕಲೇಬೇಡಿ, ಲಾರಿಯಲ್ಲಿ ಬೆಂಕಿ ಹತ್ತುತ್ತದೆ. ಹರಿದದ್ದು, ಕಲೆಯಾದದ್ದು ದಾನವಲ್ಲ. ಅದನ್ನು ಎತ್ತಿ ಎಸೆಯುವ ಕೆಲಸವನ್ನು ಬೇರೆಯವರ ತಲೆಗೆ ಕಟ್ಟಿದಂತೆ, ಅಷ್ಟೇ.

ಗರಾಜಿನ ಬಾಗಿಲ ಪಕ್ಕ ಒಂದು ಪೆಟ್ಟಿಗೆ ಇಡಿ. ಬೇಡ ಅನಿಸಿದ್ದು ಆ ಕ್ಷಣ ಅದಕ್ಕೆ ಬೀಳಲಿ. ತಿಂಗಳ ಮೊದಲ ಶನಿವಾರ ಮಕ್ಕಳ ಈಜು ಕ್ಲಾಸಿಗೆ ಹೋಗುವ ಕಾರಿನಲ್ಲಿ ಅದು ಹೋಗಲಿ. ಯಾರು ಒಯ್ಯಬೇಕು ಅಂತ ಹೆಸರು ಬರೆದಿರಲಿ. ನಮ್ಮ ಮನೆಯಲ್ಲಿ ಆ ಹೆಸರು ನಮ್ಮೆಜಮಾನ್ರದ್ದು. ಅವರು ನಾಲ್ಕನೆಯ ಸಾಲಿನಲ್ಲಿ ಕೂತಿದ್ದಾರೆ, ಬೇಕಾದರೆ ಕೇಳಿ.

ಇನ್ನೊಂದು ಕೆಲಸ ನಾವೆಲ್ಲ ಸೇರಿ ಮಾಡಬಹುದು. ಐವತ್ತು ಜನರ ಅನ್ನದ ಪಾತ್ರೆ, ಬೊಂಬೆ ಕೂರಿಸುವ ಮೆಟ್ಟಿಲು, ಮಡಚುವ ಮೇಜು ಕುರ್ಚಿ, ಎತ್ತರದ ಏಣಿ, ಮಗುವಿನ ತೊಟ್ಟಿಲು, ಅಕ್ಷರಾಭ್ಯಾಸದ ಹಲಗೆ. ಇವು ಪ್ರತಿ ಮನೆಯಲ್ಲೂ ಇವೆ, ವರ್ಷಕ್ಕೆ ಒಂದು ದಿನ ಬಳಕೆ. ಮೂರೂ ಊರುಗಳಲ್ಲಿ ಯಾರ ಬಳಿ ಏನಿದೆ, ಯಾರು ಎರವಲು ಕೊಡುತ್ತಾರೆ ಅಂತ ಒಂದು ಪಟ್ಟಿ ಮಾಡುತ್ತಿದ್ದೇವೆ. ಕನ್ನಡ ಪುಸ್ತಕಗಳಿಗೆ ಬೇರೆ ಹಾಳೆ ಇದೆ. ನೋಂದಣಿ ಮೇಜಿನ ಬಲಗಡೆ, ಡಾಲಸ್, ಹ್ಯೂಸ್ಟನ್, ಆಸ್ಟಿನ್ ಅಂತ ಮೂರು ಕಡತ. ಊಟಕ್ಕೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಪೆನ್ನು ಕಟ್ಟಿಹಾಕಿದ್ದೇವೆ, ಮನೆಗೆ ತೆಗೆದುಕೊಂಡು ಹೋಗಲಾಗುವುದಿಲ್ಲ.